ಜಿಪಿಎಸ್ ಗೆರೆ ಒಂದು ಕಡೆ, ಉಪಗ್ರಹ ಚಿತ್ರದ ಬದು ಇನ್ನೊಂದು ಕಡೆ: ಯಾವುದನ್ನು ನಂಬಲಿ?

ಬದುಗಾರ
ಎಲ್ಲರಿಗೂ ನಮಸ್ಕಾರ. ಹೊಲದ ನಕ್ಷೆ ಮಾಡಲು ಹೊರಟಿದ್ದೇನೆ. ಹನಿ ನೀರಾವರಿ ಪೈಪಿನ ಲೆಕ್ಕ ಹಾಕಬೇಕು. ಬಾವಿ, ಮರ, ಕಾಲುವೆ ಎಲ್ಲ ಒಂದೇ ನಕ್ಷೆಯಲ್ಲಿ ಇರಲಿ ಅನ್ನುವುದು ಆಸೆ. ಫೋನ್ ಕೈಯಲ್ಲಿ ಹಿಡಿದು ಬದುವಿನ ಮೇಲೆ ಸುತ್ತು ಹಾಕಿ ಟ್ರ್ಯಾಕ್ ರೆಕಾರ್ಡ್ ಮಾಡಿಕೊಂಡೆ. ಅದನ್ನು ಉಪಗ್ರಹ ಚಿತ್ರದ ಮೇಲೆ ಹಾಕಿದರೆ ಗೆರೆ ಪೂರ್ತಿ ಪಶ್ಚಿಮಕ್ಕೆ ಸರಿದಿದೆ, ಆರೇಳು ಮೀಟರ್ ಇರಬಹುದು. ವಿಚಿತ್ರ ಅಂದರೆ ಆಕಾರ ಚೆನ್ನಾಗಿಯೇ ಬಂದಿದೆ. ಈಶಾನ್ಯ ಮೂಲೆಯಲ್ಲಿ ಬದು ಸ್ವಲ್ಪ ಸೊಟ್ಟಗಿದೆ, ಆ ಸೊಟ್ಟವೂ ಗೆರೆಯಲ್ಲಿ ಮೂಡಿದೆ. ಉತ್ತರದ ಬದುವಿನಲ್ಲಿ ಮಾತ್ರ, ಅಲ್ಲಿ ಸಾಲಾಗಿ ದೊಡ್ಡ ಮರಗಳಿವೆ, ಗೆರೆ ಅಂಕುಡೊಂಕಾಗಿ ಹೋಗಿದೆ. ನಾನು ನಡೆದದ್ದು ನೆಟ್ಟಗೆ.

ಇನ್ನೊಂದು ತಲೆನೋವು. ಅದೇ ಟ್ರ್ಯಾಕನ್ನು ಎರಡು ಆ್ಯಪ್‌ಗೆ ಹಾಕಿದರೆ ಎರಡು ವಿಸ್ತೀರ್ಣ. ಒಂದು ಇನ್ನೊಂದಕ್ಕಿಂತ ಶೇ 7ರಷ್ಟು ಜಾಸ್ತಿ.

ಈಗ ಜಿಪಿಎಸ್ ನಂಬಲೋ, ಚಿತ್ರ ನಂಬಲೋ?

ಗೆರೆಎಳೆಯೋಣ
ಫೋನ್ ಜಿಪಿಎಸ್ ಅಷ್ಟೇ ಗುರು. ಬಯಲಲ್ಲಿ ಐದು ಮೀಟರ್ ಒಳಗೆ ಬಂದರೆ ಪುಣ್ಯ. ಚಿತ್ರದಲ್ಲಿ ಬದು ಕಾಣುತ್ತಿದೆ ಅಲ್ವಾ? ಅದರ ಮೇಲೆ ಗೆರೆ ಎಳೆದುಬಿಡಿ, ಕೆಲಸ ಮುಗಿಯಿತು.

ಹಳೆಸರಪಳಿ
ಚಿತ್ರ ಸರಿಯಾದ ಜಾಗದಲ್ಲೇ ಕೂತಿದೆ ಅಂತ ಯಾರು ಹೇಳಿದರು? ಬದು ಸ್ಪಷ್ಟವಾಗಿ ಕಾಣುವುದು ಬೇರೆ ಮಾತು, ಕಾಣುವ ಬದು ಭೂಮಿಯ ಮೇಲಿನ ಅದೇ ಜಾಗದಲ್ಲಿ ಇರುವುದು ಬೇರೆ ಮಾತು.

ಆಂಟೆನಾ_ಅಣ್ಣ
ಎರಡನ್ನೂ ನಂಬಬೇಡಿ. ಆರ್‌ಟಿಕೆ ರಿಸೀವರ್ (ಒಂದು ಕಡೆ ನೆಟ್ಟ ಇನ್ನೊಂದು ರಿಸೀವರ್‌ನ ನೆರವಿನಿಂದ ತಪ್ಪು ಕಳೆಯುವ ಜಿಪಿಎಸ್) ಬಾಡಿಗೆಗೆ ತಗೊಳ್ಳಿ, ಎರಡು ಸೆಂಟಿಮೀಟರ್‌ನಲ್ಲಿ ಉತ್ತರ ಸಿಗುತ್ತದೆ. ಈ ಚರ್ಚೆಯೇ ಬೇಡ.

ಗೆರೆಎಳೆಯೋಣ
ಬಂದರಪ್ಪ ಆಂಟೆನಾ ಅಣ್ಣ. ಪೈಪಿನ ಲೆಕ್ಕ ಹಾಕುವವರಿಗೆ ಎರಡು ಸೆಂಟಿಮೀಟರ್ ಯಾಕೆ ಸ್ವಾಮಿ?

ಪಿಕ್ಸೆಲ್‌ಪುಟ್ಟಿ
ಚಿತ್ರದ ಕಡೆಯಿಂದ ನಾನು ಹೇಳುತ್ತೇನೆ. ಉಪಗ್ರಹ ಯಾವಾಗಲೂ ನೆತ್ತಿಯ ಮೇಲಿಂದಲೇ ಫೋಟೊ ತೆಗೆಯುವುದಿಲ್ಲ, ಬಹಳ ಸಲ ಪಕ್ಕಕ್ಕೆ ವಾಲಿ ತೆಗೆಯುತ್ತದೆ. 20 ಡಿಗ್ರಿ ವಾಲಿದೆ ಅಂದುಕೊಳ್ಳಿ. 10 ಮೀಟರ್ ಎತ್ತರದ ಮರದ ತುದಿ ಅದರ ಬುಡದಿಂದ ಮೂರೂವರೆ ಮೀಟರ್ ಆಚೆ ಬೀಳುತ್ತದೆ. ಮನೆಯ ಚಾವಣಿಯೂ ಹಾಗೆಯೇ. ನೆಲದ ಏರುತಗ್ಗಿಗೂ ಇದೇ ಕಥೆ. ಅದನ್ನು ಸರಿಪಡಿಸಲು ಕಂಪನಿಗಳು ಎತ್ತರದ ಮಾದರಿಯೊಂದನ್ನು ಬಳಸುತ್ತವೆ. ಆ ಮಾದರಿಯಲ್ಲಿ ನಿಮ್ಮ ಹೊಲದ ಎತ್ತರ 20 ಮೀಟರ್ ತಪ್ಪಿದ್ದರೆ, ಅದೇ 20 ಡಿಗ್ರಿ ವಾಲಿದ ಚಿತ್ರದಲ್ಲಿ ಹೊಲ 7 ಮೀಟರ್ ಪಕ್ಕಕ್ಕೆ ಹೋಗಿ ಕೂರುತ್ತದೆ. ನೀವು ಹೇಳಿದ ಆರೇಳು ಮೀಟರ್ ನೋಡಿದ ತಕ್ಷಣ ನನಗೆ ಇದೇ ಅನುಮಾನ ಬಂತು. ಗುಡ್ಡದ ಹತ್ತಿರ ಇದ್ದೀರಾ?

ಪಿಕ್ಸೆಲ್ ಚಿಕ್ಕದಿದ್ದರೆ ಜಾಗವೂ ಸರಿ ಇರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ವರ್ಲ್ಡ್‌ವ್ಯೂ-3ರ ಕಪ್ಪು ಬಿಳುಪು ಚಿತ್ರದ ಪಿಕ್ಸೆಲ್ 31 ಸೆಂ.ಮೀ. ಆದರೆ ನೆಲದಲ್ಲಿ ಜಾಗ ಅಳೆದ ಗುರುತು ಹಾಕಿ ಸರಿಪಡಿಸದೆ ಇದ್ದರೆ ಚಿತ್ರದ ಸ್ಥಾನ ಕೆಲವು ಮೀಟರ್ ಅತ್ತಿತ್ತ ಇರಬಹುದು. ಕರು ಕಾಣುವಷ್ಟು ಸ್ಪಷ್ಟ ಚಿತ್ರ, ಆದರೆ ಕರು ನಿಂತಿರುವುದು ಪಕ್ಕದ ಹೊಲದಲ್ಲಿ.

ಬದುಗಾರ
ಹೌದು ಮೇಡಂ, ಪೂರ್ವಕ್ಕೆ ಗುಡ್ಡವಿದೆ. ಹೊಲ ಅದರ ಬುಡದಲ್ಲಿ. ಚಿತ್ರ ಸರಿದಿದೆಯೋ ಇಲ್ಲವೋ ಅಂತ ಮನೆಯಲ್ಲೇ ಕೂತು ನೋಡುವ ದಾರಿ ಇದೆಯಾ?

ನಕ್ಷೆಹುಚ್ಚ
ಸುಲಭ ಇದೆ. ಕಂಪ್ಯೂಟರಿನಲ್ಲಿ ಗೂಗಲ್ ಅರ್ತ್ ಹಾಕಿ, ಹಳೆಯ ಚಿತ್ರಗಳ ಪಟ್ಟಿ ತೆರೆಯಿರಿ. ಬದುವಿನ ಮೂಲೆಗೆ ಒಂದು ಪಿನ್ ಚುಚ್ಚಿ. ಈಗ ವರ್ಷ ಬದಲಿಸುತ್ತಾ ಹೋಗಿ. ಪಿನ್ ಅಲ್ಲೇ ಇರುತ್ತದೆ, ಬದು ಅದರ ಕೆಳಗೆ ಓಡಾಡುತ್ತದೆ! ಎಲ್ಲಾ ವರ್ಷದಲ್ಲೂ ಬದು ಒಂದೇ ಕಡೆ ನಿಂತರೆ ಚಿತ್ರದ ಮೇಲೆ ಸ್ವಲ್ಪ ಭರವಸೆ ಇಡಬಹುದು. ಎಸ್ರಿ ಕಂಪನಿಯ ಹಳೆ ಚಿತ್ರಗಳ ತಾಣ ವೇಬ್ಯಾಕ್‌ನಲ್ಲೂ 2014ರಿಂದ ಈಚೆಗಿನ ಆವೃತ್ತಿಗಳಿವೆ, ಅದರಲ್ಲೂ ನೋಡಿ. ಮೈಕ್ರೋಸಾಫ್ಟ್‌ನ ಬಿಂಗ್ ನಕ್ಷೆಯ ಚಿತ್ರ ಮತ್ತೊಂದು.

ಜನರೇ ಸೇರಿ ಮಾಡುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಾವು ಗೆರೆ ಎಳೆಯುವ ಮೊದಲು ಮಾಡುವ ಕೆಲಸವೇ ಇದು. ಆ ಜಾಗದಲ್ಲಿ ಬೇರೆ ಬೇರೆಯವರು ಹಾಕಿರುವ ಜಿಪಿಎಸ್ ಟ್ರ್ಯಾಕ್‌ಗಳನ್ನು ಒಟ್ಟಿಗೆ ತೆರೆದು, ಅವುಗಳ ನಡುಮಧ್ಯಕ್ಕೆ ಚಿತ್ರವನ್ನು ಎಳೆದು ಕೂರಿಸುತ್ತೇವೆ. ಆ ನಕ್ಷೆ ತಿದ್ದುವ ತಂತ್ರಾಂಶಗಳಾದ ಜೋಸ್ಮ್‌ನಲ್ಲೂ ಐಡಿ ಎಡಿಟರ್‌ನಲ್ಲೂ ಅದಕ್ಕೆ ಸೌಲಭ್ಯವಿದೆ. ಆಮೇಲೆ ಗೆರೆ. ಗುಡ್ಡದ ಊರುಗಳಲ್ಲಿ ಒಂದು ಬದಿಗೆ ಕೂರಿಸಿದ ಚಿತ್ರ ಇನ್ನೊಂದು ಬದಿಗೆ ಹೊಂದುವುದಿಲ್ಲ, ಅದನ್ನೂ ನೆನಪಿಡಿ.

ಅಂದಹಾಗೆ, ಗೂಗಲ್ ಚಿತ್ರ ನೋಡಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಗೆರೆ ಎಳೆಯಬೇಡಿ ದಯವಿಟ್ಟು. ಅದಕ್ಕೆ ಅನುಮತಿ ಇಲ್ಲ. ಬಿಂಗ್ ಮತ್ತು ಎಸ್ರಿ ಚಿತ್ರಕ್ಕೆ ಇದೆ.

ಸುಮ್ನೆಓದುಗ
ಚೀನಾದಲ್ಲಿ ನಕ್ಷೆ ಬೇಕಂತಲೇ ಸರಿಸಿಡುತ್ತಾರೆ ಅನ್ನುವುದು ನಿಜವಾ?

ನಕ್ಷೆಹುಚ್ಚ
ನಿಜ. ಜಿಸಿಜೆ-02 ಅಂತ ಒಂದು ಪದ್ಧತಿ. ಸಾಮಾನ್ಯ ಜಿಪಿಎಸ್ ಬಿಂದುವನ್ನು ಅಲ್ಲಿಯ ನಕ್ಷೆ ಮೇಲೆ ಹಾಕಿದರೆ ನೂರಾರು ಮೀಟರ್ ಆಚೆ ಬೀಳುತ್ತದೆ. ಇಲ್ಲಿಯ ಪ್ರಶ್ನೆಗೂ ಅದಕ್ಕೂ ಸಂಬಂಧ ಇಲ್ಲ ಬಿಡಿ.

ಲೆಕ್ಕದಮೇಡಂ
ವಿಸ್ತೀರ್ಣದ ಶೇ 7ರ ವಿಷಯಕ್ಕೆ ಬರುತ್ತೇನೆ, ಯಾರೂ ಮುಟ್ಟಿಲ್ಲ. ಬದುಗಾರರೇ, ನಿಮ್ಮ ಹೊಲ 15 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಇದೆಯಾ?

ಬದುಗಾರ
15ಕ್ಕೆ ತೀರಾ ಹತ್ತಿರ! ಹೇಗೆ ಗೊತ್ತಾಯಿತು?

ಲೆಕ್ಕದಮೇಡಂ
ವೆಬ್ ಮರ್ಕೇಟರ್. ಪರದೆ ಮೇಲೆ ಕಾಣುವ ಆನ್‌ಲೈನ್ ನಕ್ಷೆಗಳಲ್ಲಿ ಹೆಚ್ಚಿನವು ಈ ಪ್ರಕ್ಷೇಪದಲ್ಲೇ (ಗೋಳವನ್ನು ಚಪ್ಪಟೆ ಮಾಡುವ ವಿಧಾನ) ಇರುತ್ತವೆ. ಸಮಭಾಜಕದಿಂದ ದೂರ ಹೋದಷ್ಟೂ ಅದು ಎಲ್ಲವನ್ನೂ ಹಿಗ್ಗಿಸುತ್ತದೆ. 15 ಡಿಗ್ರಿಯಲ್ಲಿ ಉದ್ದ ಶೇ 3.5ರಷ್ಟು ಹಿಗ್ಗುತ್ತದೆ, ವಿಸ್ತೀರ್ಣ ಶೇ 7ಕ್ಕೆ ಸ್ವಲ್ಪ ಮೇಲೆ. 45 ಡಿಗ್ರಿಯಲ್ಲಿ ವಿಸ್ತೀರ್ಣ ಎರಡು ಪಟ್ಟು, 60 ಡಿಗ್ರಿಯಲ್ಲಿ ನಾಲ್ಕು ಪಟ್ಟು. ನಿಮ್ಮ ಎರಡು ಆ್ಯಪ್‌ಗಳಲ್ಲಿ ಒಂದು ಆ ಹಿಗ್ಗಿದ ಚಪ್ಪಟೆ ನಕ್ಷೆಯ ಮೇಲೆಯೇ ಅಳೆದು ಕೊಟ್ಟಿದೆ. ಕಡಿಮೆ ತೋರಿಸುವುದೇ ಸರಿ.

ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಮಾಡುವುದಾದರೆ ಯುಟಿಎಂ ಅನ್ನುವ ಇನ್ನೊಂದು ಪ್ರಕ್ಷೇಪದ ನಿಮ್ಮ ವಲಯಕ್ಕೆ ಬದಲಿಸಿ ಅಳೆಯಿರಿ. ಪ್ರಪಂಚವನ್ನು 6 ಡಿಗ್ರಿ ಅಗಲದ 60 ವಲಯ ಮಾಡಿದ್ದಾರೆ, ನಿಮ್ಮದು ಯಾವುದು ಅಂತ ರೇಖಾಂಶದಿಂದ ಗೊತ್ತಾಗುತ್ತದೆ. ಅದರಲ್ಲೂ ವಲಯದ ನಡುವೆ 0.9996ರ ಗುಣಕ ಇದೆ, ಅಂದರೆ ವಿಸ್ತೀರ್ಣ ಶೇ 0.08ರಷ್ಟು ಕಡಿಮೆ ಬರುತ್ತದೆ. ಹೊಲಕ್ಕೆ ಅದು ಲೆಕ್ಕಕ್ಕಿಲ್ಲ.

ಗೆರೆಎಳೆಯೋಣ
ಮೇಡಂ, ಅಕ್ಷಾಂಶ ಹಿಡಿದುಬಿಟ್ಟಿರಲ್ಲ! ಪತ್ತೇದಾರಿ ಕೆಲಸ.

ಹಳೆಸರಪಳಿ
ವಿಸ್ತೀರ್ಣ ಅಂದಾಗ ಇನ್ನೊಂದು ಮಾತು. ಹೊಲ ಇಳಿಜಾರಿನಲ್ಲಿದ್ದರೆ ನಕ್ಷೆ ಕೊಡುವುದು ಮಟ್ಟದ ವಿಸ್ತೀರ್ಣ. ನೆಲದ ಮೇಲೆ ಟೇಪ್ ಹಾಸಿ ಅಳೆದರೆ ಜಾಸ್ತಿ ಬರುತ್ತದೆ. 10 ಡಿಗ್ರಿ ಇಳಿಜಾರಿಗೆ ಶೇ 1.5, 20 ಡಿಗ್ರಿಗೆ ಶೇ 6 ದಾಟುತ್ತದೆ. ಪೈಪ್ ಹಾಸುವುದು ನೆಲದ ಮೇಲೆ, ನಕ್ಷೆಯ ಮೇಲೆ ಅಲ್ಲ. ಗುಡ್ಡದ ಬುಡ ಅಂದಿರಿ, ಅದಕ್ಕೆ ಹೇಳಿದೆ.

ಬದುಗಾರ
ಈ ಇಳಿಜಾರಿನ ವಿಷಯ ನನ್ನ ತಲೆಗೇ ಬಂದಿರಲಿಲ್ಲ ಸರ್. ಮೇಲಿನ ತುದಿಯಲ್ಲಿ ಚೆನ್ನಾಗಿಯೇ ಇಳಿಜಾರಿದೆ.

ಆಂಟೆನಾ_ಅಣ್ಣ
ಸರಿ, ಈಗ ಜಿಪಿಎಸ್‌ಗೆ ಬನ್ನಿ. ಎಲ್ಲರೂ ಪಾಪ ಚಿತ್ರವನ್ನೇ ಬೈಯುತ್ತಿದ್ದೀರಿ. ಫೋನ್ ತೋರಿಸುವ ಆ ನೀಲಿ ವೃತ್ತ ಇದೆಯಲ್ಲ, "4 ಮೀಟರ್" ಅಂತ ಬರುತ್ತದಲ್ಲ, ಅದರೊಳಗೇ ನೀವಿದ್ದೀರಿ ಅಂತ ಗ್ಯಾರಂಟಿ ಇಲ್ಲ. ಆಂಡ್ರಾಯ್ಡ್‌ನಲ್ಲಿ ಆ ಸಂಖ್ಯೆಯ ಅರ್ಥ ನೀವು ವೃತ್ತದ ಒಳಗಿರುವ ಸಾಧ್ಯತೆ ಶೇ 68. ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ ನೀವು ಹೊರಗೇ.

ಲೆಕ್ಕದಮೇಡಂ
ಹೌದು, ಆದರೆ ಬದುಗಾರರ ಟ್ರ್ಯಾಕಿನ ಆಕಾರ ಸರಿ ಬಂದಿದೆ ಅನ್ನುವುದನ್ನು ನೀವು ಗಮನಿಸಿಲ್ಲ ಅಣ್ಣಾ. ಅದೇ ಮುಖ್ಯ. ಜಿಪಿಎಸ್ ತಪ್ಪು ಪ್ರತಿ ಸೆಕೆಂಡಿಗೂ ದಾಳ ಉರುಳಿಸಿದ ಹಾಗೆ ಬದಲಾಗುವುದಿಲ್ಲ. ಉಪಗ್ರಹದ ಗಡಿಯಾರ, ಕಕ್ಷೆ, ಅಯಾನುಗೋಳ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರ) ಇವುಗಳ ತಪ್ಪು ನಿಧಾನವಾಗಿ ಜರುಗುತ್ತದೆ. ಹೊಲ ಸುತ್ತಿ ಮುಗಿಸುವ ಹೊತ್ತಿನಲ್ಲಿ ಎಲ್ಲ ಮೂಲೆಗೂ ಹೆಚ್ಚುಕಡಿಮೆ ಒಂದೇ ತಪ್ಪು ಸೇರಿರುತ್ತದೆ. ಗೆರೆ ಇಡಿಯಾಗಿ ಸರಿಯುತ್ತದೆ, ಆಕಾರ ಉಳಿಯುತ್ತದೆ, ವಿಸ್ತೀರ್ಣವೂ ಉಳಿಯುತ್ತದೆ.

ಒಂದು ಲೆಕ್ಕ ನೋಡಿ. 50×50 ಮೀಟರ್ ಚೌಕದ ಹೊಲ. ನಾಲ್ಕು ಮೂಲೆಯೂ ಒಂದಕ್ಕೊಂದು ಸಂಬಂಧವಿಲ್ಲದೆ, ಎರಡೂ ದಿಕ್ಕಿನಲ್ಲಿ ತಲಾ 3 ಮೀಟರ್ ಆಸುಪಾಸು ತಪ್ಪಿದರೆ ವಿಸ್ತೀರ್ಣದಲ್ಲಿ ಸುಮಾರು 210 ಚದರ ಮೀಟರ್ ಏರುಪೇರು. ಅಂದರೆ ಶೇ 8ರಿಂದ 9. ಅದೇ ನಾಲ್ಕು ಮೂಲೆಯೂ ಒಟ್ಟಿಗೆ ಒಂದೇ ದಿಕ್ಕಿಗೆ 3 ಮೀಟರ್ ಸರಿದರೆ ಏರುಪೇರು ಸೊನ್ನೆ. 200×200ರ ಹೊಲವಾದರೆ ಮೊದಲ ಲೆಕ್ಕದಲ್ಲೂ ಶೇ 2ರಷ್ಟೇ. ಹಾಗಾಗಿ ಫೋನ್ ಸಾಕಾ ಅಂತ ಕೇಳುವ ಮೊದಲು ಹೊಲ ಎಷ್ಟು ದೊಡ್ಡದು ಅಂತ ಕೇಳಬೇಕು.

ಇದೇ ಕಾರಣಕ್ಕೆ ಒಂದು ಮೂಲೆ ಇವತ್ತು, ಇನ್ನೊಂದು ಮೂಲೆ ಮುಂದಿನ ವಾರ ಅಂತ ಬಿಡಿಬಿಡಿಯಾಗಿ ಅಳೆಯಬೇಡಿ. ಒಂದೇ ಸುತ್ತಿನಲ್ಲಿ ಮುಗಿಸಿ.

ಗೆರೆಎಳೆಯೋಣ
ಅಂದರೆ ವಿಸ್ತೀರ್ಣಕ್ಕೆ ಫೋನ್ ಓಕೆ, ಜಾಗಕ್ಕೆ ನಾಟ್ ಓಕೆ. ಸರಿಯಾ?

ಲೆಕ್ಕದಮೇಡಂ
ಮರ, ಗೋಡೆ, ತಗಡಿನ ಶೆಡ್ಡು ಇಲ್ಲದ ಕಡೆ, ಹೌದು.

ಸುಮ್ನೆಓದುಗ
ಒಂದೇ ಜಾಗದಲ್ಲಿ ಹತ್ತು ನಿಮಿಷ ನಿಂತು ಸರಾಸರಿ ತೆಗೆದರೆ ಜಾಗವೂ ಸರಿ ಬರುವುದಿಲ್ಲವಾ?

ಆಂಟೆನಾ_ಅಣ್ಣ
ಮೇಡಂ ಈಗಷ್ಟೇ ಹೇಳಿದರಲ್ಲ, ತಪ್ಪು ನಿಧಾನವಾಗಿ ಜರುಗುತ್ತದೆ ಅಂತ. ಹತ್ತು ನಿಮಿಷ ನಿಂತರೂ ಅದೇ ತಪ್ಪನ್ನು ಮತ್ತೆ ಮತ್ತೆ ಬರೆದುಕೊಳ್ಳುತ್ತೀರಿ. ಚುಕ್ಕೆಗಳು ಒತ್ತಾಗಿ ಬಿದ್ದದ್ದು ನೋಡಿ ಖುಷಿಪಡಬಹುದು, ಆ ಒತ್ತು ಗುಂಪು ಪೂರ್ತಿ ನಾಲ್ಕು ಮೀಟರ್ ಆಚೆ ಇರುತ್ತದೆ. ಮೇಲಾಗಿ ನಿಂತ ಕಡೆ ಕೆಲವು ಫೋನ್‌ಗಳು ಚುಕ್ಕೆಯನ್ನು ಬೇಕಂತಲೇ ಹಿಡಿದು ನಿಲ್ಲಿಸುತ್ತವೆ.

ಬೇರೆ ಹೊತ್ತಿನಲ್ಲಿ ಮತ್ತೆ ಹೋಗಿ. ಬೆಳಿಗ್ಗೆ ಅಳೆದಿದ್ದರೆ ಸಂಜೆ ಹೋಗಿ. ಮರುದಿನ ಅದೇ ಗಂಟೆಗೆ ಹೋದರೆ ಪ್ರಯೋಜನ ಕಡಿಮೆ. ಜಿಪಿಎಸ್ ಉಪಗ್ರಹಗಳು 23 ಗಂಟೆ 56 ನಿಮಿಷಕ್ಕೆ ಆಕಾಶದಲ್ಲಿ ಅದೇ ಜಾಗಕ್ಕೆ ವಾಪಸ್ ಬರುತ್ತವೆ. ಅದೇ ಮರ, ಅದೇ ಗೋಡೆ, ಅದೇ ಉಪಗ್ರಹ, ಅದೇ ಪ್ರತಿಫಲನ, ಅದೇ ತಪ್ಪು.

ಸುಮ್ನೆಓದುಗ
ಅರೆ, ಇದು ಹೊಸ ವಿಷಯ. ಯುರೋಪಿನ ಗೆಲಿಲಿಯೊ ಉಪಗ್ರಹಗಳಿಗೂ ಹೀಗೇನಾ?

ಆಂಟೆನಾ_ಅಣ್ಣ
ಇಲ್ಲ. ರಷ್ಯಾದ ಗ್ಲೋನಾಸ್‌ಗೆ 8 ದಿನ, ಗೆಲಿಲಿಯೊಗೆ 10 ದಿನ ಬೇಕು. ಫೋನ್ ಎಲ್ಲವನ್ನೂ ಒಟ್ಟಿಗೆ ಬಳಸಿದರೆ ಈ ಕಾಟ ಸ್ವಲ್ಪ ಕಡಿಮೆ.

ಬದುಗಾರ
ನನ್ನ ಉತ್ತರದ ಬದುವಿನ ಅಂಕುಡೊಂಕು ಈ ಪ್ರತಿಫಲನದ ಕಾಟವೇ ಹಾಗಾದರೆ?

ಆಂಟೆನಾ_ಅಣ್ಣ
ಅದೇ. ಎಲೆ ಸಂಕೇತವನ್ನು ಸೊರಗಿಸುತ್ತದೆ, ಕಾಂಡ ತಿರುಗಿಸಿ ಕಳಿಸುತ್ತದೆ. ಇಲ್ಲಿ ಒಂದು ನ್ಯಾನೊಸೆಕೆಂಡ್ ತಡವಾದರೆ 30 ಸೆಂ.ಮೀ. ದೂರ ಜಾಸ್ತಿ ಅಂತ ರಿಸೀವರ್ ಅಂದುಕೊಳ್ಳುತ್ತದೆ. ನಿಮ್ಮ ಫೋನಿನಲ್ಲಿ ಎಲ್5 (ಜಿಪಿಎಸ್‌ನ ಹೊಸ ಸಂಕೇತ) ಇದೆಯಾ ನೋಡಿ. ಜಿಪಿಎಸ್‌ಟೆಸ್ಟ್ ಅನ್ನುವ ಆ್ಯಪ್ ಹಾಕಿದರೆ ಪ್ರತಿ ಉಪಗ್ರಹದ ಮುಂದೆ ಎಲ್1, ಎಲ್5 ಅಂತ ತೋರಿಸುತ್ತದೆ. ಹಳೆ ಎಲ್1 ಸಂಕೇತಕ್ಕಿಂತ ಎಲ್5ರ ಕೋಡ್ ಹತ್ತು ಪಟ್ಟು ವೇಗದ್ದು, ಹಾಗಾಗಿ ನೇರ ಬಂದದ್ದು ಯಾವುದು, ತಿರುಗಿ ಬಂದದ್ದು ಯಾವುದು ಅಂತ ಬೇರ್ಪಡಿಸುವುದು ಸುಲಭ. 2018ರಲ್ಲಿ ಶವೊಮಿ ಮಿ 8 ಜೊತೆ ಇದು ಫೋನಿಗೆ ಬಂತು, ಈಗ ಎಷ್ಟೋ ಫೋನ್‌ಗಳಲ್ಲಿದೆ. ಎರಡು ಆವರ್ತನ ಇದ್ದರೆ ಅಯಾನುಗೋಳದ ತಪ್ಪನ್ನೂ ಕಳೆಯಬಹುದು.

ಹಳೆಸರಪಳಿ
ಅಷ್ಟೆಲ್ಲ ಯಾಕೆ? ಮರದ ಸಾಲು ನೆಟ್ಟಗಿದ್ದರೆ ಎರಡು ತುದಿಯನ್ನು ಬಯಲಿನಲ್ಲಿ ಹಿಡಿದು ನಡುವೆ ಗೆರೆ ಎಳೆಯಿರಿ. ನಡುವೆ ತಿರುವಿದ್ದರೆ ಆ ತಿರುವಿಗೆ ಬಯಲಿನ ಎರಡು ಗುರುತಿನಿಂದ ಟೇಪ್ ಹಿಡಿದು ದೂರ ಬರೆದುಕೊಳ್ಳಿ. ಎರಡು ದೂರ ಇದ್ದರೆ ಬಿಂದು ಸಿಕ್ಕಿತು. ಬದುವಿನ ಯಾವ ಕಡೆಗಿದೆ ಅಂತ ಮಾತ್ರ ಬರೆದಿಟ್ಟುಕೊಳ್ಳಿ. ಇದಕ್ಕೆ ಉಪಗ್ರಹ ಬೇಡ, ಚಾರ್ಜೂ ಬೇಡ.

ಡ್ರೋನ್‌ದಾಸ
ಸರ್ ಹೇಳುವುದು ಕೇಳಿ ಖುಷಿಯಾಯಿತು. ಆದರೆ ಟೇಪಿನ ಇನ್ನೊಂದು ತುದಿ ಹಿಡಿಯುವವರು ಸಿಗಬೇಕಲ್ಲ!

ಹಳೆಸರಪಳಿ
ಮೊಳೆ ಹೊಡೆದು ಸಿಕ್ಕಿಸಿ ಮಾರಾಯ್ರೆ.

ಬೆಟ್ಟದಕೆಳಗೆ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮೆ ಇರಲಿ. ಸಮುದ್ರದ ಪಕ್ಕದ ತೋಟಕ್ಕೆ ನನ್ನ ರಿಸೀವರ್ ಮೈನಸ್ 80 ಮೀಟರ್ ಎತ್ತರ ತೋರಿಸುತ್ತಿದೆ. ತೋಟ ನೀರಿನೊಳಗೆ ಇದೆಯಾ? ರಿಸೀವರ್ ಕೆಟ್ಟಿದೆಯಾ?

ಪಿಕ್ಸೆಲ್‌ಪುಟ್ಟಿ
ಎರಡೂ ಇಲ್ಲ. ಜಿಪಿಎಸ್ ಎತ್ತರ ಅಳೆಯುವುದು ಭೂಮಿಯ ಒಂದು ಗಣಿತದ ಆಕಾರದಿಂದ, ಸಮುದ್ರ ಮಟ್ಟದಿಂದ ಅಲ್ಲ. ಆ ಎರಡರ ನಡುವಿನ ಅಂತರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಹಿಂದೂ ಮಹಾಸಾಗರದಲ್ಲಿ ಸಮುದ್ರ ಮಟ್ಟ ಆ ಗಣಿತದ ಆಕಾರಕ್ಕಿಂತ 106 ಮೀಟರಿನವರೆಗೂ ಕೆಳಗಿದೆ, ಪ್ರಪಂಚದಲ್ಲೇ ಅದು ಅತಿ ಕಡಿಮೆ. ಬೇರೆ ಕಡೆ 85 ಮೀಟರ್ ಮೇಲೂ ಇದೆ. ರಿಸೀವರ್ ಸೆಟ್ಟಿಂಗ್‌ನಲ್ಲಿ ಜಿಯಾಯ್ಡ್ (ಸಮುದ್ರ ಮಟ್ಟದ) ಮಾದರಿ ಆರಿಸಿಕೊಳ್ಳಿ, ತೋಟ ಮೇಲಕ್ಕೆ ಬರುತ್ತದೆ.

ಬೆಟ್ಟದಕೆಳಗೆ
ಉಸಿರು ಬಂತು 😀

ಗೆರೆಎಳೆಯೋಣ
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಬದಲು ಸೆಂಟಿನೆಲ್-2 ಉಪಗ್ರಹದ ಚಿತ್ರ ಪುಕ್ಕಟೆ ಸಿಗುತ್ತದಲ್ಲ, ಐದು ದಿನಕ್ಕೊಂದು. ಅದರಿಂದಲೇ ಬದು ಹಿಡಿದರೆ ಆಗುವುದಿಲ್ಲವಾ?

ಪಿಕ್ಸೆಲ್‌ಪುಟ್ಟಿ
ಪಿಕ್ಸೆಲ್ 10 ಮೀಟರ್ ಅಣ್ಣಾ. 50×50 ಮೀಟರ್ ಹೊಲಕ್ಕೆ ಸಿಗುವುದೇ 25 ಪಿಕ್ಸೆಲ್, ಅದೂ ಅಂಚು ಸರಿಯಾಗಿ ಹೊಂದಿಕೊಂಡರೆ. ಅದರಲ್ಲಿ 16 ಅಂಚಿನವು. ಅಂಚಿನ ಪಿಕ್ಸೆಲ್‌ನಲ್ಲಿ ನಿಮ್ಮ ಬೆಳೆ, ಬದುವಿನ ಹುಲ್ಲು, ಪಕ್ಕದವರ ಬೆಳೆ ಎಲ್ಲ ಕಲಸಿರುತ್ತದೆ. ನಂಬಬಹುದಾದದ್ದು ನಡುವಿನ 9. ಲ್ಯಾಂಡ್‌ಸ್ಯಾಟ್ ಉಪಗ್ರಹದ್ದು 30 ಮೀಟರ್, ಅದಕ್ಕೆ ನಿಮ್ಮ ಹೊಲ ಕಾಣುವುದೇ ಇಲ್ಲ ಅನ್ನಬಹುದು. ಬೆಳೆ ಯಾವ ಕಡೆ ಸೊರಗಿದೆ ಅಂತ ನೋಡಲು ಸೆಂಟಿನೆಲ್ ಚಿನ್ನ. ಬದು ಹಿಡಿಯಲು ಬೇಡ. ಮೊದಲು ಬೇರೆ ದಾರಿಯಲ್ಲಿ ಬದು ಸರಿಯಾಗಿ ಹಿಡಿದುಕೊಂಡು, ಒಳಗಡೆಗೆ 10 ಮೀಟರ್ ಕತ್ತರಿಸಿ, ಉಳಿದ ಭಾಗದ ಪಿಕ್ಸೆಲ್ ಮಾತ್ರ ನೋಡಿ.

ಬದುಗಾರ
ಒಂದು ಅಪ್‌ಡೇಟ್. ನಕ್ಷೆಹುಚ್ಚ ಹೇಳಿದ ಹಾಗೆ ಪಿನ್ ಚುಚ್ಚಿ ವರ್ಷ ಬದಲಿಸಿ ನೋಡಿದೆ. ಬದು ಒಂದು ವರ್ಷ ಪಿನ್ನಿನ ಪೂರ್ವಕ್ಕೆ, ಇನ್ನೊಂದು ವರ್ಷ ಪಶ್ಚಿಮಕ್ಕೆ. ಎರಡು ಚಿತ್ರದ ನಡುವಿನ ಅಂತರವೇ ಎಂಟು ಮೀಟರ್ ಬಂತು. ಗುಡ್ಡದ ಕಡೆ ಹೋದಷ್ಟೂ ಜಾಸ್ತಿ, ರಸ್ತೆ ಕಡೆ ಬಂದಷ್ಟೂ ಕಡಿಮೆ.

ಸಂಜೆ ಹೊತ್ತಿಗೆ ಮತ್ತೆ ಸುತ್ತು ಹಾಕಿದೆ. ಬೆಳಗಿನ ಗೆರೆಗೂ ಸಂಜೆಯ ಗೆರೆಗೂ ಎರಡು ಮೀಟರ್ ಅಂತರ. ಉತ್ತರದ ಬದು ಎರಡರಲ್ಲೂ ಕೆಟ್ಟಿದೆ, ಆದರೆ ಬೇರೆ ಬೇರೆ ರೀತಿಯಲ್ಲಿ.

ಪಿಕ್ಸೆಲ್‌ಪುಟ್ಟಿ
ಗುಡ್ಡದ ಕಡೆ ಜಾಸ್ತಿ ಆಗುತ್ತಿದೆ ಅಂದರೆ ಎತ್ತರದ ಮಾದರಿಯದೇ ತಕರಾರು. ಈ ಸಲ ಜಿಪಿಎಸ್ ಕಡೆ ವಾಲುತ್ತೇನೆ.

ಆಂಟೆನಾ_ಅಣ್ಣ
ನಾನು ಮೊದಲೇ ಹೇಳಿದ್ದೆ.

ಗೆರೆಎಳೆಯೋಣ
ನೀವು ಹೇಳಿದ್ದು ಎರಡನ್ನೂ ನಂಬಬೇಡಿ ಅಂತ!

ಹಳೆಸರಪಳಿ
ಈಗ ಆರ್‌ಟಿಕೆ ಬಗ್ಗೆ ನನ್ನದೊಂದು ತಕರಾರು. ಯಂತ್ರ ಎರಡು ಸೆಂಟಿಮೀಟರ್ ಅಂತ ತೋರಿಸಿದ ಮಾತ್ರಕ್ಕೆ ನಕ್ಷೆ ಸರಿಯಾಗುವುದಿಲ್ಲ. ನಮ್ಮ ಪರಿಚಯದವರ ತೋಟಕ್ಕೆ ಗುತ್ತಿಗೆಗೆ ಬಂದಿದ್ದ ತಂಡವೊಂದು ಮೊದಲ ದಿನ ಅರ್ಧ ಅಳೆಯಿತು, ಬೇಸ್ (ಒಂದೇ ಕಡೆ ನೆಡುವ ರಿಸೀವರ್) ಕಿತ್ತಿಟ್ಟಿತು, ಮರುದಿನ ಬಂದು ಬೇಸ್ ಮತ್ತೆ ನೆಟ್ಟು "ನಿನ್ನ ಜಾಗ ನೀನೇ ಹುಡುಕಿಕೋ" ಅಂತ ಬಿಟ್ಟಿತು. ಬೇಸ್ ಐದು ನಿಮಿಷ ಯೋಚಿಸಿ ತನಗೆ ತೋಚಿದ ಜಾಗ ಹೇಳಿತು. ಎರಡು ದಿನದ ಕೆಲಸದ ನಡುವೆ ಒಂದೂವರೆ ಮೀಟರ್ ಕಂದಕ. ಪ್ರತಿ ಬಿಂದುವಿನ ಮುಂದೆಯೂ "0.014 ಮೀ." ಅಂತ ಬರೆದಿತ್ತು. ಒಂದು ಮರ ಎರಡೂ ದಿನ ಅಳತೆಗೆ ಸಿಕ್ಕಿತ್ತು, ನಕ್ಷೆಯಲ್ಲಿ ಅದು ಅವಳಿ ಮರ.

ಆಂಟೆನಾ_ಅಣ್ಣ
ಅದು ಯಂತ್ರದ ತಪ್ಪಲ್ಲ ಸರ್, ನೆಟ್ಟವರದು. ಆರ್‌ಟಿಕೆ ಅಳೆಯುವುದು ಬೇಸ್‌ನಿಂದ ರೋವರ್‌ಗೆ (ಕೈಯಲ್ಲಿ ಹಿಡಿದು ಓಡಾಡುವ ರಿಸೀವರ್) ಇರುವ ಅಂತರ. 1575.42 ಮೆಗಾಹರ್ಟ್ಸ್ ಅಲೆಯ ಉದ್ದ 19 ಸೆಂ.ಮೀ., ಆ ಅಲೆಯ ಹಂತವನ್ನೇ ಅಳೆಯುವುದರಿಂದ ಸೆಂಟಿಮೀಟರ್ ಸಿಗುತ್ತದೆ. ಬೇಸ್ ಎಲ್ಲಿದೆ ಅಂತ ನೀವು ತಪ್ಪು ಹೇಳಿದರೆ ಎಲ್ಲವೂ ಅಷ್ಟೇ ತಪ್ಪುತ್ತದೆ. ಗಟ್ಟಿ ಗುರುತು ಹಾಕಿ, ಬೇಸನ್ನು ಕೆಲವು ಗಂಟೆ ಓಡಿಸಿ, ಆ ಫೈಲನ್ನು ಕೆನಡಾ ಸರ್ಕಾರದ ಸಿಎಸ್‌ಆರ್‌ಎಸ್-ಪಿಪಿಪಿ ಸೇವೆಗೋ ಆಸ್ಟ್ರೇಲಿಯಾದ ಆಸ್‌ಪಾಸ್‌ಗೋ ಕಳಿಸಿ. ಪುಕ್ಕಟೆ. ಪ್ರಪಂಚದ ಯಾವ ಮೂಲೆಯ ಫೈಲ್ ಆದರೂ ನಡೆಯುತ್ತದೆ. ಸೆಂಟಿಮೀಟರ್ ಮಟ್ಟದ ಜಾಗ ಇಮೇಲ್‌ನಲ್ಲಿ ಬರುತ್ತದೆ. ಮರುದಿನದಿಂದ ಅದೇ ಸಂಖ್ಯೆ ಬೇಸ್‌ಗೆ ಕೈಯಾರೆ ತುಂಬಿ.

ಇನ್ನೊಂದು, ಪರದೆಯಲ್ಲಿ "ಫಿಕ್ಸ್" (ಅಲೆಗಳ ಎಣಿಕೆ ಖಚಿತವಾಗಿದೆ) ಅಂತ ಇರಬೇಕು. "ಫ್ಲೋಟ್" (ಇನ್ನೂ ಖಚಿತವಾಗಿಲ್ಲ) ಇದ್ದಾಗ ಬಿಂದು ಬರೆಯಬೇಡಿ.

ಲೆಕ್ಕದಮೇಡಂ
ಆ ಸೇವೆಗಳು ಕೊಡುವ ಜಾಗಕ್ಕೆ ಯಾವ ಆಧಾರ (ಅಕ್ಷಾಂಶ ರೇಖಾಂಶ ಎಣಿಸುವ ಪದ್ಧತಿ), ಯಾವ ದಿನಾಂಕ ಅಂತಲೂ ಬರೆದಿಟ್ಟುಕೊಳ್ಳಿ. ಭೂಫಲಕಗಳು ಜರುಗುತ್ತಾ ಇರುತ್ತವೆ. ಆಸ್ಟ್ರೇಲಿಯಾ ವರ್ಷಕ್ಕೆ 7 ಸೆಂ.ಮೀ. ಜರುಗುತ್ತದೆ, ಅದಕ್ಕೆ ಅವರು ಜಿಡಿಎ94 ಅನ್ನುವ ಹಳೆ ಆಧಾರ ಬಿಟ್ಟು ಜಿಡಿಎ2020ಕ್ಕೆ ಹೋದಾಗ ದೇಶದ ನಕ್ಷೆಯೇ 1.8 ಮೀಟರ್ ಸರಿಯಿತು. ಹತ್ತು ವರ್ಷದ ಹಳೆ ಸೆಂಟಿಮೀಟರ್ ನಕ್ಷೆ ಇವತ್ತಿಗೆ ಸೆಂಟಿಮೀಟರ್ ನಕ್ಷೆ ಅಲ್ಲ.

ಸುಮ್ನೆಓದುಗ
ಹೊಲ ನಡೆದುಕೊಂಡು ಹೋಗುತ್ತಿದೆ ಅಂತಾಯಿತು.

ಬೆಟ್ಟದಕೆಳಗೆ
ಬಾಡಿಗೆ ಬೇಸ್ ಸಿಗದ ಕಡೆ ಏನು ಮಾಡುವುದು?

ಆಂಟೆನಾ_ಅಣ್ಣ
ಗೆಲಿಲಿಯೊದವರು 2023ರ ಜನವರಿಯಲ್ಲಿ ಎಚ್‌ಎಎಸ್ ಅಂತ ಪುಕ್ಕಟೆ ಸೇವೆ ಶುರು ಮಾಡಿದ್ದಾರೆ. 20 ಸೆಂ.ಮೀ. ಆಸುಪಾಸು ಅವರ ಗುರಿ. ಬೇಸ್ ಬೇಡ, ತಿದ್ದುಪಡಿ ಉಪಗ್ರಹದಿಂದಲೇ ಬರುತ್ತದೆ, ಇಂಟರ್ನೆಟ್‌ನಲ್ಲೂ ಸಿಗುತ್ತದೆ. ಉಪಗ್ರಹದಿಂದ ನೇರ ಹಿಡಿಯಬೇಕಾದರೆ ಇ6 ಆವರ್ತನ ಕೇಳುವ ರಿಸೀವರ್ ಬೇಕು. ತೆರೆದ ಆಕಾಶ ಇರಲಿ, ಸ್ವಲ್ಪ ಹೊತ್ತು ಕಾಯುವ ತಾಳ್ಮೆಯೂ ಇರಲಿ.

ಡ್ರೋನ್‌ದಾಸ
ನನ್ನ ಸರದಿ. ಬದುಗಾರ ಅಣ್ಣಾ, ಡ್ರೋನ್ ಹಾರಿಸಿದರೆ ಈ ಗೊಂದಲವೇ ಇಲ್ಲ. ಅಲ್ಲಿಯ ಅನುಮತಿ ನಿಯಮ ಏನಿದೆ ನೋಡಿಕೊಂಡು 100 ಮೀಟರ್ ಎತ್ತರದಲ್ಲಿ ಹಾರಿಸಿ. ಒಂದಿಂಚಿನ ಸೆನ್ಸರ್‌ನ ಕ್ಯಾಮೆರಾ ಇರುವ ಡ್ರೋನ್‌ಗೆ ಪಿಕ್ಸೆಲ್ ಮೂರು ಸೆಂ.ಮೀ. ಒಳಗೇ ಬರುತ್ತದೆ. ವೆಬ್‌ಒಡಿಎಂ ಮುಕ್ತ ತಂತ್ರಾಂಶ, ಫೋಟೊ ಹಾಕಿದರೆ ಹೊಲಿದು ಕೊಡುತ್ತದೆ. ಬದು, ಬಾವಿ, ಪೈಪಿನ ವಾಲ್ವ್ ಕೂಡ ಕಾಣುತ್ತದೆ.

ಪಿಕ್ಸೆಲ್‌ಪುಟ್ಟಿ
ಮತ್ತೆ ಅದೇ ಮಾತು! ವಾಲ್ವ್ ಕಾಣುತ್ತದೆ ಸರಿ, ಎಲ್ಲಿ ಕಾಣುತ್ತದೆ? ಸಾಮಾನ್ಯ ಡ್ರೋನ್‌ನಲ್ಲಿ ಇರುವುದೂ ನಿಮ್ಮ ಫೋನಿನ ಜಾತಿಯ ಜಿಪಿಎಸ್ಸೇ. ನೆಲದಲ್ಲಿ ಗುರುತು ಇಲ್ಲದಿದ್ದರೆ ನಕ್ಷೆ ಇಡಿಯಾಗಿ ಮೀಟರ್‌ಗಟ್ಟಲೆ ಸರಿದಿರುತ್ತದೆ, ಎತ್ತರವಂತೂ ಕೇಳಲೇಬೇಡಿ. ಬರೀ ಸಮಾನಾಂತರ ಸಾಲಿನಲ್ಲಿ ನೇರ ಕೆಳಗೆ ನೋಡಿಕೊಂಡು ತೆಗೆದ ಫೋಟೊಗಳಲ್ಲಿ ಇನ್ನೊಂದು ಕಾಯಿಲೆ ಇದೆ, ಚಪ್ಪಟೆ ಹೊಲ ನಡುವೆ ಉಬ್ಬಿ ಗುಮ್ಮಟವಾಗುತ್ತದೆ, ಇಲ್ಲವೇ ತಗ್ಗಾಗುತ್ತದೆ. ಅದನ್ನು ನೋಡಿ ನೀರಿನ ಇಳಿಜಾರು ಲೆಕ್ಕ ಹಾಕಿದರೆ ಕಾಲುವೆ ಉಲ್ಟಾ ಹರಿಯುತ್ತದೆ. ಕೆಲವು ಫೋಟೊ ಓರೆಯಾಗಿ ತೆಗೆಯಿರಿ.

ಡ್ರೋನ್‌ದಾಸ
ಗುರುತು ಹಾಕುವುದಿಲ್ಲ ಅಂತ ನಾನು ಎಲ್ಲಿ ಹೇಳಿದೆ ಮೇಡಂ. ಕನಿಷ್ಠ ಐದು ಹಾಕಬೇಕು, ನಾಲ್ಕು ಮೂಲೆಗೆ, ಒಂದು ನಡುವೆ. ಫೋಟೊಗಳು ಮುಂದೆ ಹಿಂದೆ ಶೇ 75ರಿಂದ 80, ಪಕ್ಕಕ್ಕೆ ಶೇ 65-70 ಒಂದರ ಮೇಲೊಂದು ಬರಬೇಕು. ಎತ್ತರದ ಬೆಳೆ ಇದ್ದರೆ ಇನ್ನೂ ಜಾಸ್ತಿ ಇಡಿ, ಹಾರಿಸುವುದೂ ಸ್ವಲ್ಪ ಮೇಲೆ. ಗಾಳಿಗೆ ಎಲೆ ಅಲ್ಲಾಡಿದರೆ ಒಂದು ಫೋಟೊದಲ್ಲಿ ಕಂಡ ಎಲೆ ಇನ್ನೊಂದರಲ್ಲಿ ಸಿಗುವುದಿಲ್ಲ, ತಂತ್ರಾಂಶ ಕಣ್ಣು ಕಣ್ಣು ಬಿಡುತ್ತದೆ, ನಕ್ಷೆಯ ನಡುವೆ ತೂತು.

ಹಳೆಸರಪಳಿ
ಐದು ಹಾಕಿ ಐದನ್ನೂ ತಂತ್ರಾಂಶಕ್ಕೆ ಕೊಟ್ಟು, ಅದು "ತಪ್ಪು 1 ಸೆಂ.ಮೀ." ಅಂದರೆ ನಂಬುವವರೂ ಇದ್ದಾರೆ. ಕೊಟ್ಟ ಬಿಂದುವಿಗೆ ಅದು ಹೊಂದಿಕೊಂಡೇ ಇರುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ? ಇನ್ನೂ ಮೂರ್ನಾಲ್ಕು ಗುರುತು ಅಳೆದು, ತಂತ್ರಾಂಶಕ್ಕೆ ಹೇಳದೆ ಮುಚ್ಚಿಟ್ಟುಕೊಳ್ಳಿ. ನಕ್ಷೆ ಬಂದ ಮೇಲೆ ಅವುಗಳ ಜಾಗ ಹೋಲಿಸಿ. ಅಲ್ಲಿ ಬರುವ ತಪ್ಪೇ ನಿಜವಾದ ತಪ್ಪು.

ಬದುಗಾರ
ಗುರುತಿನ ಜಾಗ ಅಳೆಯಲು ಮತ್ತೆ ಆಂಟೆನಾ ಅಣ್ಣನ ಯಂತ್ರವೇ ಬೇಕಲ್ಲ! ಪೈಪಿಗೆ ಫೋನ್ ಟ್ರ್ಯಾಕ್, ಉತ್ತರದ ಬದುವಿಗೆ ಟೇಪ್ ಸಾಕು ಅನ್ನಿಸುತ್ತಿದೆ. ಚಿತ್ರವನ್ನು ಬೆಳಗಿನ, ಸಂಜೆಯ ಗೆರೆಗಳ ನಡುವಿಗೆ ಎಳೆದು ಕೂರಿಸಿ ಬಾವಿ, ಕಾಲುವೆ ಅದರ ಮೇಲೆ ಗುರುತಿಸುತ್ತೇನೆ. ಪಕ್ಕದ ಹೊಲದವರ ಜೊತೆ ಬದುವಿನ ಬಗ್ಗೆ ಒಂದು ಸಣ್ಣ ಮಾತಿದೆ, ಅದಕ್ಕೂ ಇದೇ ನಕ್ಷೆ ತೋರಿಸಬಹುದಾ?

ಹಳೆಸರಪಳಿ
ಬೇಡವೇ ಬೇಡ. ನೀವು ಅಳೆದದ್ದು ಈಗ ಬದು ಇರುವ ಜಾಗ. ದಾಖಲೆ ಪ್ರಕಾರ ಗಡಿ ಎಲ್ಲಿದೆ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಅಧಿಕಾರ ಇರುವ ಸರ್ವೇಯರ್ ಬರಬೇಕು, ಇಬ್ಬರೂ ಅಲ್ಲಿ ನಿಂತಿರಬೇಕು. ಫೋನ್ ತೋರಿಸಿ ಜಗಳ ಶುರು ಮಾಡಿದವರನ್ನು ನೋಡಿದ್ದೇನೆ, ಇಬ್ಬರ ಕೈಯಲ್ಲೂ ಫೋನ್, ಇಬ್ಬರ ಗೆರೆಯೂ ಇನ್ನೊಬ್ಬರ ಹೊಲದೊಳಗೆ.

ಗೆರೆಎಳೆಯೋಣ
😂😂

ಡ್ರೋನ್‌ದಾಸ
ಬೆಳೆ ನಿಂತಿರುವಾಗ ನೆಲದ ಗುರುತು ಎಲ್ಲಿ ಹಾಕುವುದು ಅಂತ ತುಂಬಾ ಜನ ಕೇಳುತ್ತಾರೆ, ಯಾರಾದರೂ ಅನುಭವ ಇದ್ದವರು ಹೇಳಿ. ನಾನು ಬದುವಿನ ಮೇಲೇ ಹಾಕುತ್ತೇನೆ, ಆದರೆ ನಡುವೆ ಹಾಕಲು ಜಾಗ ಸಿಗುವುದಿಲ್ಲ.

ಪಿಕ್ಸೆಲ್‌ಪುಟ್ಟಿ
ಬೋರ್‌ವೆಲ್ ಸುತ್ತಿನ ಸಿಮೆಂಟ್ ಕಟ್ಟೆ, ಪೈಪಿನ ಚೇಂಬರ್ ಮುಚ್ಚಳ, ಇಂಥವು ನಡುವೆ ಇದ್ದರೆ ಅವುಗಳ ಮೂಲೆಯನ್ನೇ ಬಳಸಿ. ಏನೂ ಇಲ್ಲದಿದ್ದರೆ ಬಿತ್ತುವ ಮೊದಲೇ ಒಂದು ಕಲ್ಲು ಹೂತು ಅಳೆದಿಟ್ಟುಕೊಳ್ಳಿ, ಆಮೇಲೆ ಅದರ ಸುತ್ತ ಬೆಳೆ ಬಿಡಿ. ಗುರುತಿನ ಹಲಗೆ ಪಿಕ್ಸೆಲ್‌ನ ಹತ್ತು ಪಟ್ಟಾದರೂ ಇರಲಿ. ಮೂರು ಸೆಂ.ಮೀ. ಪಿಕ್ಸೆಲ್‌ಗೆ 30 ಸೆಂ.ಮೀ. ಕಪ್ಪು ಬಿಳಿ ಚೌಕ. ಪೂರ್ತಿ ಬಿಳಿ ಬೇಡ, ಬಿಸಿಲಿಗೆ ಉರಿದು ಅಂಚು ಕಾಣುವುದಿಲ್ಲ.

ಹಳೆಸರಪಳಿ
ಆ ಕಲ್ಲಿನ ಮೇಲೆ ರೋವರ್ ಕೋಲು ಇಡುವಾಗ ಮಟ್ಟ ತೋರಿಸುವ ಗುಳ್ಳೆ ನಡುವೆ ಇದೆಯಾ ನೋಡಿ. ಎರಡು ಮೀಟರ್ ಕೋಲು ಒಂದೇ ಡಿಗ್ರಿ ವಾಲಿದರೂ ಮೂರೂವರೆ ಸೆಂಟಿಮೀಟರ್ ಹೋಯಿತು.

ಡ್ರೋನ್‌ದಾಸ
ಕೋಲಿಗೆ ಎರಡು ಕಾಲಿನ ಸ್ಟ್ಯಾಂಡ್ ಹಾಕಿಯೇ ಅಳೆಯುತ್ತೇನೆ ಸರ್. ಕಲ್ಲು ಹೂಳುವ ಐಡಿಯಾ ಚೆನ್ನಾಗಿದೆ, ಟ್ರ್ಯಾಕ್ಟರ್ ಓಡಿಸುವವರಿಗೆ ಮೊದಲೇ ಹೇಳಿಟ್ಟಿರಬೇಕು ಅಷ್ಟೇ.